ಓಡರ್ ನದಿಯೂ ಕಾಪುವಿನ ವರನೂ

ಮೊನ್ನೆ ಸಂಜೆ ಗೋಳಿಬಜೆ ಕಟ್ಟಿಸಿಕೊಂಡು ಬಂದೆ. ಮಣಿಪಾಲದಲ್ಲಿ ಈಗ ಎಲ್ಲದಕ್ಕೂ ಬಣ್ಣಬಣ್ಣದ ಪೆಟ್ಟಿಗೆ ಬಂದಿದೆ. ನಮ್ಮ ಬೀದಿಯ ಬಜೆಗೆ ಮಾತ್ರ ಇನ್ನೂ ಹಳೆಯ ಪೇಪರು, ಪುಣ್ಯಕ್ಕೆ. ಎಣ್ಣೆ ಕುಡಿದ ಆ ತುಂಡಿನಲ್ಲಿ ಅರ್ಧ ಪದಬಂಧ ಇತ್ತು. ತಿನ್ನುತ್ತಾ ಓದಿದೆ: 'ಈಜಿಪ್ಟಿನ ಪ್ರಸಿದ್ಧ ನದಿ'. ಮೈಯೆಲ್ಲ ಉರಿಯಿತು. ಇದನ್ನು ಸುಳಿವು ಎನ್ನುತ್ತಾರೆಯೇ? ಇದು ನಾಲ್ಕನೇ ಕ್ಲಾಸಿನ ಪ್ರಶ್ನೆಪತ್ರಿಕೆ. ನಮ್ಮ ಅಪ್ಪ ಇದ್ದಿದ್ದರೆ ಬರೆದವರ ವಿಳಾಸ ಹುಡುಕಿ ಒಂದು ಖಾರದ ಕಾರ್ಡು ಹಾಕದೆ ರಾತ್ರಿ ಉಣ್ಣುತ್ತಿರಲಿಲ್ಲ.

ಅಪ್ಪನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಕಾರ್ಕಳದಲ್ಲಿ ಸರ್ವೆ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಸರ್ವೆಯರನ ಬಾಳು ನಿಮಗೆ ಗೊತ್ತಿರಬಹುದು. ಅವನ ತೆಂಗಿನಮರ ಇವನ ಜಾಗದಲ್ಲಿ, ಇವನ ಬೇಲಿ ಅವನ ಎದೆಯ ಮೇಲೆ. ಸರಪಳಿ ಹಿಡಿದು ಹೋದವನಿಗೆ ಎರಡೂ ಕಡೆಯಿಂದ ಬೈಗುಳ. ಹಾಗೆ ಭೂಮಿಯ ಮೇಲೆ ವೈರಾಗ್ಯ ಬಂದು ಅಪ್ಪ ನೀರಿಗೆ ಇಳಿದರು, ಅದೂ ಅಟ್ಲಾಸಿನ ನೀರಿಗೆ. ಆಗುಂಬೆ ಘಾಟಿಯಿಂದ ಆಚೆ ಹೋದವರಲ್ಲ, ಆದರೆ ವೋಲ್ಗಾ ಎಲ್ಲಿ ತಿರುಗುತ್ತದೆ ಎಂದರೆ ನಮ್ಮ ಮನೆಯ ಹಿತ್ತಿಲಿನ ತೋಡಿನ ಬಗ್ಗೆ ಹೇಳುವ ಹಾಗೆ ಹೇಳುವರು. ಹತ್ತಿರದ ಸ್ವರ್ಣಾ ನದಿಯ ಬಗ್ಗೆ ಯಾಕೆ ಏನೂ ಹೇಳುವುದಿಲ್ಲ ಎಂದು ಒಮ್ಮೆ ಕೇಳಿದೆ. "ಅದರ ಬದಿಯಲ್ಲಿ ಗುರುತಿನವರ ಜಾಗ ಉಂಟು, ತಕರಾರು ಬೇಡ" ಎಂದರು.

ಉಡುಪಿಯಿಂದ ಆಗ ಒಂದು ಸಣ್ಣ ವಾರಪತ್ರಿಕೆ ಬರುತ್ತಿತ್ತು. ಅದರ ಹಿಂಬದಿಯ ಮೂಲೆಯಲ್ಲಿ, ಶವಸಂಸ್ಕಾರದ ಕೃತಜ್ಞತೆಗೂ ಬಾವಿ ತೋಡುವವರ ಜಾಹೀರಾತಿಗೂ ನಡುವೆ, ಅಪ್ಪನ ನದಿ ಒಗಟುಗಳು. 'ರಚನೆ: ನದೀಪ್ರಿಯ.' ಅವರ ಕ್ರಮ ಏನೆಂದರೆ ನದಿಯ ಹೆಸರನ್ನು ಎಲ್ಲಿಯೂ ನೇರವಾಗಿ ಕೇಳಬಾರದು, ಹೆಸರನ್ನು ಮುರಿದು, ಮಡಚಿ, ಬೇರೆ ಅಂಗಿ ತೊಡಿಸಿ ನಿಲ್ಲಿಸಬೇಕು. 'ನೆಗಡಿಯಾದರೆ ಪ್ಯಾರಿಸಿಗೆ ನೀರು' ಎಂದರೆ ಸೀನ್. 'ತುಳುವರು ಹೋಗೆಂದರೂ ಇಟಲಿ ಬಿಟ್ಟು ಹೋಗದವಳು' ಎಂದರೆ ಪೋ, ತುಳುವಿನಲ್ಲಿ 'ಹೋಗು'. 'ಸಹಜವಾದದ್ದರ ಬಾಲಕ್ಕೆ ನಾಯಿ ಗುರುಗುಟ್ಟಿದರೆ ಆಫ್ರಿಕ' ಎಂದರೆ ನೈಜ, ಅದರ ಹಿಂದೊಂದು ರ್, ನೈಜರ್. ಜನ ಇದನ್ನು ಬಿಡಿಸಲು ಬಸ್ಸಿನಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿದ್ದರು ಎಂದು ಅಪ್ಪ ನಂಬಿದ್ದರು. ನಾನು ದಿನಾ ಅದೇ ಬಸ್ಸಿನಲ್ಲಿ ಕಾರ್ಕಳದಿಂದ ಮಣಿಪಾಲದ ಕಚೇರಿಗೆ ಹೋಗುತ್ತಿದ್ದವಳು. ಜನ ಹೆಚ್ಚಾಗಿ ನಿದ್ದೆ ಮಾಡುತ್ತಿದ್ದರು.

ಲೋಕದಲ್ಲಿ ನದಿಗಳು ಬೇಕಾದಷ್ಟಿವೆ, ಆದರೆ ಕನ್ನಡದಲ್ಲಿ ಮುರಿಯಲು ಬಗ್ಗುವ ನದಿಗಳು ಕಡಿಮೆ. ಯಾಂಗ್ಟ್ಸೆಯನ್ನು ಹಿಡಿದು ನೋಡಿ, ಗೊತ್ತಾಗುತ್ತದೆ. ಅಪ್ಪನ ಸರಕು ಮುಗಿಯುತ್ತಾ ಬಂದಾಗ ನಾನು ಕೈ ಹಾಕಿದೆ. ಬಸ್ಸು ಬೈಲೂರು ದಾಟುವಾಗ ಒಂದು ಹೊಳೆದರೆ ಮಣಿಪಾಲ ಮುಟ್ಟುವಾಗ ಇನ್ನೊಂದು. ನನ್ನ ಮೊದಲನೆಯದು ನನಗೆ ಈಗಲೂ ಇಷ್ಟ: 'ಬೆದರಿಸಿದರೂ ಅವರು ನಿಂತಲ್ಲೇ, ಕೊನೆಯುಸಿರು ಬಿಟ್ಟರೆ ಪೋಲೆಂಡಿನಲ್ಲಿ ಹರಿಯುತ್ತಾರೆ.' ಬೆದರಿಸಿದರೂ ನಿಂತಲ್ಲೇ ಇರುವವರು ಓಡರು. ಕೊನೆಯ ಉಕಾರ ಬಿಟ್ಟರೆ ಓಡರ್ ನದಿ. ಅಪ್ಪ ಅದನ್ನು ಓದಿ ಕನ್ನಡಕ ಒರೆಸಿ ಮತ್ತೆ ಓದಿದರು. ಆ ವಾರವೇ ಅಚ್ಚಾಯಿತು. ರಚನೆ: ನದೀಪ್ರಿಯ. ಯಾರೋ ಓದುಗರು ಮೆಚ್ಚಿ ಬರೆದದ್ದನ್ನು ಅಪ್ಪ ನನಗೇ ಗಟ್ಟಿಯಾಗಿ ಓದಿ ಹೇಳಿದರು. "ನದೀಪ್ರಿಯ ಅಂದ್ರೆ ನಾವಿಬ್ಬರೂ ಅಲ್ವಾ ಮಗಾ" ಎಂದರು. ಆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಪೇಟೆಯಲ್ಲಿ ನಮಸ್ಕಾರ ಸಿಗುತ್ತಿತ್ತು.

ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಆದರೆ ನನಗೆ ಗಂಡು ಹುಡುಕಲು ಶುರುಮಾಡಿದಾಗ ಅಪ್ಪ ಈ ಒಗಟುಗಳನ್ನು ಜಾತಕದ ಜಾಗಕ್ಕೆ ತಂದು ಕೂರಿಸಿದರು. ಹೆಣ್ಣು ನೋಡಲು ಬಂದವರಿಗೆ ಶೀರಾ, ಅವಲಕ್ಕಿ, ಕಾಫಿ. ಜೊತೆಗೆ ವರನ ಕೈಗೆ ಒಂದು ಹಾಳೆ. ಅದರಲ್ಲಿ ನಾಲ್ಕು ನದಿ. ನಾನು ಬಾಳಿಡೀ ಯಾರೊಟ್ಟಿಗೆ ಸಂಸಾರ ಮಾಡಬೇಕು ಎನ್ನುವುದನ್ನು ಆಫ್ರಿಕ, ಯುರೋಪುಗಳು ತೀರ್ಮಾನಿಸಬೇಕಾಗಿತ್ತು. "ನಿಮಗೆ ಮರ್ಲಾ?" ಎಂದು ಅಮ್ಮ ಕೇಳಿದ್ದಳು. ಮರ್ಲು ಎಂದರೆ ನಮ್ಮ ತುಳುವಿನಲ್ಲಿ ಹುಚ್ಚು. ಅಪ್ಪ ಅದನ್ನು ಪ್ರಶ್ನೆ ಎಂದು ಭಾವಿಸಲಿಲ್ಲ.

ಗಂಡಸರ ಬಗ್ಗೆ ನನಗೆ ತಿಳಿದದ್ದೆಲ್ಲ ಆ ಹಾಳೆಯಿಂದ. ಒಬ್ಬ ಇಂಜಿನಿಯರ್ ತುಂಬ ಹೊತ್ತು ನೋಡಿ, "ಇದರಲ್ಲಿ ಪ್ರಶ್ನೆಯೇ ತಪ್ಪುಂಟು" ಎಂದ. ಇನ್ನೊಬ್ಬ ಡಾಕ್ಟರು ಉತ್ತರದ ಬದಲು, ತಾನು ಯಾವ ನಂಬರಿನ ರ್‍ಯಾಂಕು ಪಡೆದಿದ್ದೆ ಎಂದು ಹೇಳಿದ. ಎಲ್ಲಕ್ಕೂ 'ಗಂಗಾ' ಎಂದು ಬರೆದು, ಹಾಳೆಯನ್ನು ಭಕ್ತಿಯಿಂದ ಹಿಂದೆ ಕೊಟ್ಟವನೂ ಇದ್ದ. ಗೊತ್ತಿಲ್ಲ ಎಂಬ ಸಣ್ಣ ಮಾತು ಒಬ್ಬನ ಬಾಯಿಂದಲೂ ಬರಲಿಲ್ಲ. ಬಾಯಲ್ಲಿ ಶೀರಾ ಇದ್ದುದರಿಂದ ಎಂದು ಅಮ್ಮ ಅವರ ಪರ ವಹಿಸುತ್ತಿದ್ದಳು.

ಆಮೇಲೆ ಕಾಪುವಿನವ ಬಂದ. ಕಾಲೇಜಿನಲ್ಲಿ ಪಾಠ ಹೇಳುವವನು, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಹಾಳೆ ತೆಗೆದುಕೊಂಡವನೇ ಕಾಫಿಯ ಕೆನೆ ಕಟ್ಟುವಷ್ಟರಲ್ಲಿ ನಾಲ್ಕನ್ನೂ ಬರೆದುಬಿಟ್ಟ. ಓಡರ್ ಸಮೇತ. ಅಪ್ಪನ ಮುಖ ನೋಡಬೇಕಿತ್ತು ನೀವು. ನಾನು ಹುಟ್ಟಿದ ದಿನ ಅವರು ಅಷ್ಟು ಖುಷಿಪಟ್ಟಿದ್ದರೋ ಇಲ್ಲವೋ. ಎದ್ದು ಹೋಗಿ ಅವನ ಭುಜ ತಟ್ಟಿದರು. ಎರಡೂ ಕಡೆಯ ಹಿರಿಯರು ಮಾತು ಬಹುತೇಕ ಮುಗಿಸಿ, "ಹುಡುಗ ಹುಡುಗಿ ಸ್ವಲ್ಪ ಮಾತಾಡಲಿ" ಎಂದು ನಮ್ಮನ್ನು ಬಾವಿಕಟ್ಟೆಯ ಕಡೆಗೆ ಕಳುಹಿಸಿದರು.

ಅವನು ನನ್ನ ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಹಾಳೆಯನ್ನು ಜೊತೆಗೆ ತಂದಿದ್ದ.

"ನಾಲ್ಕನೆಯದು ನೋಡಿ. ಇದು ಸುಲಭ ಇಲ್ಲ. 'ಕೊನೆಯುಸಿರು' ಅಂದ್ರೆ ಸಾಯುವುದು ಅಂತ ನೀವು ತಿಳ್ಕೊಳ್ತೀರಿ. ಹಾಗಲ್ಲ. ಕೊನೆಯ ಉ ತೆಗೀಬೇಕು."

"ಹೌದಾ" ಎಂದೆ.

"ಹೌದು. ನಿಮ್ಮ ತಂದೆಯವರದ್ದು ದೊಡ್ಡ ತಲೆ. ಹೆಂಗಸರಿಗೆ ಇದು ಸ್ವಲ್ಪ ಕಷ್ಟ. ಚಿಂತೆ ಬೇಡ, ಮದುವೆ ಆದ ಮೇಲೆ ನಾನು ನಿಧಾನಕ್ಕೆ ಕಲಿಸ್ತೇನೆ."

ಬಾವಿ ಪಕ್ಕದಲ್ಲೇ ಇತ್ತು. ಅವನು ಇವತ್ತಿಗೂ ಕ್ಷೇಮವಾಗಿದ್ದರೆ ಅದಕ್ಕೆ ನನ್ನ ಸಂಸ್ಕಾರವೇ ಕಾರಣ.

ಅವರು ಹೋದ ಮೇಲೆ ನಾನು ಆಗುವುದಿಲ್ಲ ಎಂದೆ. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಅಪ್ಪ ಕಂಗಾಲಾದರು. "ಎಂತ ಆಯ್ತು ಮಗಾ? ನಾಲ್ಕೂ ಸರಿ ಮಾಡಿದ್ದಾನಲ್ಲ" ಎಂದರು.

"ನಾನು ಮಾಡಿದ್ದನ್ನು ನನಗೇ ವಿವರಿಸಿ ಹೇಳಿದ. ನಾನು ಮಾಡಿದ್ದು ಅಂತ ನೀವು ಯಾಕೆ ಹೇಳಲಿಲ್ಲ?"

ಅಪ್ಪ ಅಂಗಳದ ಕಡೆ ನೋಡಿದರು. "ಹುಡುಗಿಗೆ ಇಷ್ಟು ತಲೆ ಉಂಟು ಅಂತ ಮೊದಲೇ ಹೇಳಿದ್ರೆ ಯಾರು ಬರ್ತಾರೆ? ಮದುವೆ ಆದ ಮೇಲೆ ನಿಧಾನಕ್ಕೆ ಗೊತ್ತಾಗಲಿ ಅಂತ."

"ಅದೆಂತ ಕಾಯಿಲೆಯಾ ಅಪ್ಪ, ಮುಚ್ಚಿಟ್ಟು ದಾಟಿಸಲಿಕ್ಕೆ?"

ನನಗೆ ಅಳು ಬಂತು, ಸಿಟ್ಟಿನಿಂದ. ಕಾಪುವಿನವನ ಮೇಲೆ ಅಲ್ಲ. ಅವನು ಯಾರೋ ಏನೋ. ನನ್ನ ತಲೆಯಲ್ಲಿ ಏನಿದೆ ಎಂದು ಚೆನ್ನಾಗಿ ಬಲ್ಲ ಒಬ್ಬರೇ ಒಬ್ಬರು ಅದನ್ನು ಹಳೆಯ ಪಾತ್ರೆಯ ತೂತಿನ ಹಾಗೆ ಗಿರಾಕಿಯಿಂದ ಅಡಗಿಸಿದರಲ್ಲ, ಅದಕ್ಕೆ. ಕೆಲವು ವಾರ ನಾನು ಒಗಟು ಮಾಡಲಿಲ್ಲ. ಪತ್ರಿಕೆಯಲ್ಲಿ ಗಂಗಾ, ಕಾವೇರಿಗಳು ಕಾಣಿಸಿಕೊಂಡವು. ಓದುಗರು ಗಮನಿಸಿದರೋ ಇಲ್ಲವೋ, ಅಪ್ಪ ಗಮನಿಸಿದರು.

ಮುಂದೆ ಬಂದವರು ಉಚ್ಚಿಲದವರು. ಹುಡುಗನಿಗೆ ದುಬೈಯಲ್ಲಿ ಕೆಲಸ, ಮನೆಗೆ ಹೊಸ ತಾರಸಿ, ನೋಡಲೂ ಲಕ್ಷಣವಾಗಿದ್ದ. ಅಮ್ಮನಿಗೆ ಈ ಸಂಬಂಧದ ಮೇಲೆ ಬಹಳ ಆಸೆ. ಹಾಳೆ ತೆಗೆದರೆ ತಾನು ತವರಿಗೆ ಹೋಗುತ್ತೇನೆ ಎಂದು ಅಪ್ಪನನ್ನು ಹೆದರಿಸಿದ್ದಳು. ಅಪ್ಪ ಹಾಳೆ ತೆಗೆಯಲಿಲ್ಲ. ಎಲ್ಲರೂ ಕೂತ ಮೇಲೆ ಗಂಟಲು ಸರಿಮಾಡಿಕೊಂಡರು.

"ಒಂದು ವಿಷಯ ಮೊದಲೇ ಹೇಳ್ತೇನೆ. ಪೇಪರಿನಲ್ಲಿ ನನ್ನ ಒಗಟು ಬರ್ತದಲ್ಲ, ಅದರಲ್ಲಿ ಒಳ್ಳೆಯದೆಲ್ಲ ಇವಳದ್ದು. ಹೆಸರು ಮಾತ್ರ ನಂದು. ನನಗಿಂತ ಇವಳಿಗೆ ತಲೆ ಜಾಸ್ತಿ."

ಅವರ ಕಿವಿ ಕೆಂಪಾಗಿತ್ತು. ಪೇಟೆಯ ನಮಸ್ಕಾರಗಳೆಲ್ಲ ಆ ಒಂದು ಮಾತಿನಲ್ಲಿ ಕೈಬಿಟ್ಟು ಹೋದವು ಎನ್ನುವುದು ಅವರಿಗೆ ಗೊತ್ತಿತ್ತು. ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ನಾನು, ಬಂದವರನ್ನು ಬಿಟ್ಟು ಅದನ್ನು ಮೊದಲು ಅಪ್ಪನ ಮುಂದೆ ಇಟ್ಟೆ.

ಹುಡುಗನ ತಾಯಿ ನನ್ನನ್ನು ಇನ್ನೊಮ್ಮೆ ನೋಡಿದರು. "ಹೌದಾ? ತುಂಬಾ ಹುಷಾರು ಹಾಗಾದ್ರೆ" ಎಂದರು. ನಮ್ಮಲ್ಲಿ ಹುಷಾರು ಎಂದರೆ ಹೊಗಳಿಕೆ. 'ತುಂಬಾ' ಸೇರಿದರೆ ಮಾತು ಮುರಿಯಿತು ಎಂದರ್ಥ. ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಹೊರಟರು. ಇನ್ನೂ ತಿಳಿಸಿಲ್ಲ.

"ಇನ್ನು ಇವಳನ್ನು ಆ ವೋಲ್ಗಾ ನದಿಗೇ ಧಾರೆ ಎರೆದು ಕೊಡಿ" ಎಂದು ಅಮ್ಮ ಒಳಗೆ ಹೋದಳು. ಅಪ್ಪ ಉಳಿದ ಶೀರಾವನ್ನೆಲ್ಲ ಹತ್ತಿರ ಎಳೆದುಕೊಂಡು ತಿಂದರು, ನನಗೂ ಬಡಿಸಿದರು. ಮರುದಿನ ಬಸ್ಸಿನಲ್ಲಿ ನನಗೊಂದು ಒಳ್ಳೆಯ ಒಗಟು ಹೊಳೆಯಿತು.

ಆಮೇಲೆ ಬಹಳ ಸಂಬಂಧಗಳು ಗೇಟಿನವರೆಗೆ ಬಂದು ತಿರುಗಿದವು. ಅಪ್ಪ ಪ್ರತಿ ಸಲವೂ ಅದೇ ಮಾತು ಮೊದಲೇ ಹೇಳುವರು. ಕೊನೆಗೆ ಉಡುಪಿಯಿಂದ ಒಬ್ಬರು ಬಂದರು, ಸೈಕಲ್ ಬಿಡಿಭಾಗದ ಅಂಗಡಿಯವರು. ಅಪ್ಪನಿಗೆ ಯಾಕೋ ಹಳೆಯ ಚಪಲ ಬಂದು, ಆ ಮಾತಿಗೂ ಮೊದಲು ಹಾಳೆ ಕೊಟ್ಟರು. ಅವರು ಓದಿದರು, ತಿರುಗಿಸಿ ನೋಡಿದರು, ಕೆಳಗಿಟ್ಟರು.

"ನನಗೆ ಗೊತ್ತಾಗುವುದಿಲ್ಲ. ಯಾರು ಮಾಡಿದ್ದು ಇದು?"

ಅಪ್ಪ ಗಲ್ಲದಿಂದ ನನ್ನ ಕಡೆ ತೋರಿಸಿದರು. ಅವರು ನನ್ನತ್ತ ತಿರುಗಿ, "ಹಾಗಾದ್ರೆ ನೀವೇ ಹೇಳಿ. ಕೊನೆಯುಸಿರು ಅಂತ ಉಂಟಲ್ಲ, ಯಾರು ಸತ್ತದ್ದು?" ಎಂದು ಕೇಳಿದರು. ನಿಜವಾದ ಚಿಂತೆಯಿಂದ ಕೇಳಿದ್ದು. ನಾನು ನಕ್ಕುಬಿಟ್ಟೆ. ಅಡುಗೆಮನೆಯಲ್ಲಿ ಅಮ್ಮ ನಿಟ್ಟುಸಿರು ಬಿಟ್ಟದ್ದು ಹೊರಗೆ ಕೇಳಿಸಿತು.

ಕಥೆ ಇಲ್ಲಿಗೆ ಸುಖಾಂತ ಎಂದು ನೀವು ಚಪ್ಪಾಳೆ ತಟ್ಟಬೇಡಿ. ಆ ಮನುಷ್ಯ ಅಂದಿನಿಂದ ಇಂದಿನವರೆಗೆ ಒಂದೇ ಒಂದು ನದಿಯ ಹೆಸರು ಕಲಿತಿಲ್ಲ. ಕೇಳಿದರೆ "ನೀನಿದ್ದೀಯಲ್ಲ" ಎನ್ನುತ್ತಾರೆ. ಕಲಿಯದಿರಲು ಗಂಡಸರಿಗೆ ಒಂದು ನೆಪ ಸಾಕು. ಅಪ್ಪ ಹೋದರು, ಪತ್ರಿಕೆ ಅದಕ್ಕೂ ಮೊದಲೇ ನಿಂತಿತ್ತು.

ಬಜೆ ಮುಗಿಸಿ ಕೈ ತೊಳೆಯುತ್ತಿದ್ದಾಗ ಉಡುಪಿಯಿಂದ ಅಣ್ಣನ ಫೋನು ಬಂತು. ಅವನ ಮಗಳನ್ನು ನೋಡಲು ಭಾನುವಾರ ಹುಡುಗನ ಕಡೆಯವರು ಬರುತ್ತಾರಂತೆ.

"ನೀನು ಬಾ. ಆದ್ರೆ ಅವಳ ಪಿಎಚ್‌ಡಿ ವಿಷಯ ಎತ್ತಬೇಡ ಮಾರಾಯ್ತಿ. ಹುಡುಗನದ್ದು ಬರೀ ಡಿಗ್ರಿ. ಆಮೇಲೆ ನಿಧಾನಕ್ಕೆ ಗೊತ್ತಾದ್ರೆ ಸಾಕು."

ನನಗೆ ಗಂಡು ಹುಡುಕುವ ಕಾಲದಲ್ಲಿ ಅಣ್ಣ ಮುಂಬಯಿಯಲ್ಲಿದ್ದ, ಅಪ್ಪನ ಕೆಂಪು ಕಿವಿ ನೋಡಿದವನಲ್ಲ.

"ಬರ್ತೇನೆ" ಎಂದೆ. "ಕಾಫಿ ಇಡುವ ಮೊದಲು ನಾನೇ ಹೇಳ್ತೇನೆ. ಎದ್ದು ಹೋಗುವವರು ಆಗಲೇ ಹೋಗಲಿ ಅಣ್ಣ, ಹಾಲಾದರೂ ಉಳಿಯುತ್ತದೆ."