ಮಗಳಿಗೆ ಕಾಯಿಸಿದ ನೀರು

ಮೇಲವಂಕಿಯ ರಾಮವ್ವ ಕಾಲು ನೀಡಿ ಕುಳಿತು ನೀರು ಹಾಕಿದ ಕೂಸುಗಳಲ್ಲಿ ಕೆಲವರಿಗೆ ಈಗ ಮೀಸೆ ಬಂದಿದೆ. ಮೂವತ್ತು ವರ್ಷ ಆಕೆ ಊರಿನ ಬಾಣಂತಿಯರಿಗೆ ಎರೆದಿದ್ದಾಳೆ. ಆ ಕೆಲಸಕ್ಕೆಂದೇ ಒಂದು ಹಳೆಯ ಹಸಿರು ನೂಲಿನ ಸೀರೆ ಇದೆ. ಮನೆಯವರು ಅದನ್ನು ನೀರಿನ ಸೀರೆ ಎನ್ನುತ್ತಾರೆ. ಬೆಳಿಗ್ಗೆ ಅದನ್ನು ಉಟ್ಟು ಹೊರಟರೆ ಎರಡು ಮನೆ ಇರಲಿ, ಮೂರು ಮನೆ ಇರಲಿ, ಕೊನೆಯ ಬಾಣಂತಿಗೆ ನೀರು ಹಾಕಿ ಮುಗಿಯುವವರೆಗೆ ಬಿಚ್ಚುವುದಿಲ್ಲ. ಹೇಗೂ ಮತ್ತೆ ತೋಯುವುದೇ ಇದೆ, ಎರಡು ಸೀರೆ ಯಾಕೆ ಹಸಿ ಮಾಡಬೇಕು ಎಂಬುದು ಆಕೆಯ ಲೆಕ್ಕ.

ಎರಡು ವರ್ಷದಿಂದ ಶನಿವಾರ ಮತ್ತು ರವಿವಾರ ಆಕೆ ಆ ಸೀರೆ ಉಟ್ಟು ಹೋಗುವುದು ಬೇರೆ ಕಡೆಗೆ. ಗೋಕಾಕದಾಚೆ, ಘಟಪ್ರಭೆಯ ದಂಡೆಯ ಕಲ್ಲುಗುಡ್ಡದ ಮೇಲೆ ಬೆಳಗಾವಿಯ ವಿದ್ಯಾ ಎಂಬಾಕೆ ಒಂದು ಶಿಬಿರ ನಡೆಸುತ್ತಾಳೆ. ಪುಣೆ, ಹುಬ್ಬಳ್ಳಿಯಿಂದ ಜನ ಬಂದು ಹಲಗೆಯ ಗುಡಿಸಲಿನೊಳಗೆ ಕಾದ ಕಲ್ಲುಗಳ ಸುತ್ತ ಹತ್ತು ನಿಮಿಷ ಬೆವರುತ್ತಾರೆ. ಆಮೇಲೆ ಹೊರಗೆ ಓಡಿಬಂದು, ಐಸಿನ ಗಡ್ಡೆ ತೇಲುವ ದೊಡ್ಡ ಮರದ ತೊಟ್ಟಿಗೆ ಇಳಿದು ಕುತ್ತಿಗೆಯವರೆಗೆ ಕುಳಿತುಕೊಳ್ಳುತ್ತಾರೆ. ಒಲೆಗೆ ಕಟ್ಟಿಗೆ ಹಾಕುವುದು, ಕಲ್ಲಿನ ಮೇಲೆ ನೀರು ಚಿಮುಕಿಸಿ ಹಬೆ ಎಬ್ಬಿಸುವುದು ರಾಮವ್ವನ ಕೆಲಸ. ಮೊದಲ ದಿನ ದೊಡ್ಡ ಹೊಟ್ಟೆಯ ಗೃಹಸ್ಥರೊಬ್ಬರು ಪಂಚೆ ಸುತ್ತಿಕೊಂಡು ಒಳಗೆ ಹೋದದ್ದನ್ನು ಕಂಡು ಆಕೆ ವಿದ್ಯಾಳ ಕಿವಿಯಲ್ಲಿ, "ಇವರಿಗೆ ಎಷ್ಟು ತಿಂಗಳ್ರಿ ಅಕ್ಕಾರ?" ಎಂದು ಕೇಳಿದ್ದಳು. ವಿದ್ಯಾ ಅದನ್ನು ಇಂದಿಗೂ ಹೇಳಿ ನಗುತ್ತಾಳೆ.

ಐಸು ತರುವವನು ಸದಾಶಿವ, ರಾಮವ್ವನ ಅಳಿಯ. ಗೋಕಾಕದಿಂದ ತನ್ನ ಮೂರುಗಾಲಿಯ ಟಂಟಂ ಗಾಡಿಯಲ್ಲಿ ಗೋಣಿಚೀಲ ಹೊದಿಸಿದ ಗಡ್ಡೆಗಳನ್ನು ಇಳಿಸಿ, ಅತ್ತೆ ಕೊಟ್ಟ ಚಹಾ ಕುಡಿದು ತನ್ನೂರು ಮಮದಾಪುರಕ್ಕೆ ಹೋಗುತ್ತಾನೆ. ರಾಮವ್ವ ಪ್ರತಿ ಸಲವೂ ಮಗಳು ನಾಗರತ್ನಾಳನ್ನು ಕೇಳುತ್ತಾಳೆ. ಆರಾಮ ಇದ್ದಾಳೆ ಎಂದು ಆತ ಹೇಳುತ್ತಾನೆ. ಮಗಳು ಮಾತ್ರ ಎರಡು ವರ್ಷವಾದರೂ ಮೇಲವಂಕಿಯ ಹೊಸ್ತಿಲು ತುಳಿದಿಲ್ಲ.

ಆಕೆ ಕೊನೆಯ ಸಲ ತವರಿಗೆ ಬಂದದ್ದು ಹೆರಿಗೆಗೆ. ಎಂಟು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು ಎರಡು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನ ನಾಗರತ್ನಾಳ ಎದೆಯಲ್ಲಿ ಹಾಲು ತುಂಬಿ ಕುಪ್ಪಸ ತೊಯ್ಯಿತು. ಬಿಸಿನೀರು ಬಿದ್ದರೆ ಹಾಲು ಇನ್ನೂ ಇಳಿಯುತ್ತದೆ ಎಂಬುದು ರಾಮವ್ವ ಕೈಯಿಂದ ಕಲಿತ ವಿದ್ಯೆ. ಕುಡಿಯುವ ಬಾಯಿಯೇ ಇಲ್ಲದ ಮೇಲೆ ಹಾಲು ಬೇಗ ಬತ್ತಲಿ ಎಂದು ಆಕೆ ಮಲ್ಲಿಗೆ ಹೂ ಅರೆದು ಎದೆಗೆ ಕಟ್ಟಿದಳು, ಹದಿನೈದು ದಿನ ಮಗಳಿಗೆ ತಣ್ಣೀರನ್ನೇ ಹಾಕಿದಳು. ಎಳ್ಳಮಾಸಿಯ, ಮೈ ನಡುಗುವ ಥಂಡಿಯ ದಿನಗಳು ಅವು. ಬಾಣಂತಿಯ ಹೊರಸಿನ ಕೆಳಗೆ ಇಡುವ ಕೆಂಡವನ್ನೂ ಇಡಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಹಾಲು ಎಂಬ ಮಾತನ್ನು ಆ ಮನೆಯಲ್ಲಿ ಎತ್ತುವುದೇ ಬೇಡ ಎನಿಸಿತ್ತು.

ಅದೇ ವಾರ ಬಾಜೂಮನೆಯ ಮುದಕವ್ವನ ಸೊಸೆಯೂ ಹಡೆದಿದ್ದಳು. ಒಮ್ಮೆ ಒಪ್ಪಿಕೊಂಡ ಬಾಣಂತಿಗೆ ನಡುವೆ ಕೈ ಬದಲಾಗಬಾರದು ಎನ್ನುತ್ತಾರೆ. ರಾಮವ್ವ ದಿನಾ ಬೆಳಿಗ್ಗೆ ಅಲ್ಲಿ ಹೊಗೆಯಾಡುವ ಬಿಸಿನೀರು ಹಾಕಿ, ಕೂಸಿಗೆ ಎಣ್ಣೆ ತಿಕ್ಕಿ, ಲೋಬಾನದ ಹೊಗೆ ಕೊಟ್ಟು ಬಂದು, ತನ್ನ ಮನೆಯ ಬಚ್ಚಲಿನಲ್ಲಿ ಮಗಳಿಗೆ ತಣ್ಣೀರು ಸುರಿಯುತ್ತಿದ್ದಳು. ಹದಿನಾರನೆಯ ದಿನ ನಾಗರತ್ನಾ ಗಂಡನಿಗೆ ಫೋನು ಮಾಡಿ, ಬಂದು ಕರೆದುಕೊಂಡು ಹೋಗು ಎಂದಳು.

ಈ ವರ್ಷ ಮಾರ್ಚಿನಲ್ಲಿ, ಬಿಸಿಲು ಏರಿ ಶಿಬಿರ ಮುಚ್ಚುವ ಮೊದಲಿನ ರವಿವಾರ, ಕೆಲಸದವರು ತಮ್ಮ ಮನೆಯ ಹೆಣ್ಣುಮಕ್ಕಳನ್ನು ಕರೆತರಬಹುದು ಎಂದು ವಿದ್ಯಾ ಹೇಳಿದಳು. ರಾಮವ್ವ ಅಳಿಯನ ಮುಂದೆ ಕೈ ಮುಗಿಯುವುದೊಂದು ಬಾಕಿ. "ಒಂದ ಸಲ ಕರ್ಕೊಂಡ ಬಾರಪ್ಪ. ಮನಿಗೆ ಬ್ಯಾಡ, ಇಲ್ಲಿಗೆ ಸಾಕು," ಎಂದಳು.

ಆ ದಿನ ಆಕೆ ಗುಡಿಸಲಿನ ಹಿಂದೆ ಮೂರು ಕಲ್ಲು ಹೂಡಿ, ಊರಿನಿಂದ ತಂದ ತಾಮ್ರದ ಹಂಡೆಯಲ್ಲಿ ಬೇವಿನ ಎಲೆ, ಲಕ್ಕಿ ಸೊಪ್ಪು ಹಾಕಿ ನೀರು ಕಾಯಲು ಇಟ್ಟಳು. ಹೇಳಬೇಕಾದ ಮಾತನ್ನು ಬೆಳಗಿನಿಂದ ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಮಗಳಿಗೆ ಒಮ್ಮೆ ತಲೆಯ ಮೇಲಿನಿಂದ ಬಿಸಿನೀರು ಹಾಕಬೇಕು, ಅಂದು ಯಾಕೆ ಹಾಕಲಿಲ್ಲ ಎಂದು ಹೇಳಬೇಕು. ಬೇರೆ ಏನೂ ಬೇಕಿರಲಿಲ್ಲ.

ನಾಗರತ್ನಾ ಬಂದಳು. "ಆರಾಮ ಅದಿಯೇನು?" ಎಂದು ದಾರಿಯಲ್ಲಿ ಸಿಕ್ಕವರನ್ನು ಕೇಳುವಂತೆ ಕೇಳಿದಳು. ವಿದ್ಯಾ ಆಕೆಯನ್ನು ಗುಡಿಸಲಿನೊಳಗೆ ಕೂರಿಸಿದಳು. ರಾಮವ್ವ ಕಲ್ಲಿನ ಮೇಲೆ ನೀರು ಚಿಮುಕಿಸಿದಳು. ಹಬೆ ಎದ್ದಾಗ ಮಗಳ ಮುಖ ಕಾಣಲಿಲ್ಲ, ಕಾಲು ಕಂಡವು. ಹಿಮ್ಮಡಿ ಒಡೆದಿದ್ದವು.

ಹತ್ತು ನಿಮಿಷ ಕಳೆದು ಹೊರಗೆ ಬಂದ ನಾಗರತ್ನಾ ನೇರವಾಗಿ ತೊಟ್ಟಿಗೆ ಇಳಿದು ಕುಳಿತಳು. ಉಸಿರು ಕೂಡ ಎಳೆದುಕೊಳ್ಳಲಿಲ್ಲ. ವಿದ್ಯಾ ಕೈಗಡಿಯಾರ ನೋಡುತ್ತ ಬೆರಗಾದಳು. "ಮೊದಲನೇ ಸಲ ಬಂದವರು ಅರ್ಧ ನಿಮಿಷಕ್ಕ ಚೀರಿ ಏಳ್ತಾರ. ನಿಮಗ ಥಂಡಿ ಹತ್ತೂದಿಲ್ಲೇನ್ರಿ?"

"ರೂಢಿ ಐತ್ರಿ ಅಕ್ಕಾರ. ನಮ್ಮವ್ವ ಹದಿನೈದು ದಿನ ರೂಢಿ ಮಾಡಿಸ್ಯಾಳ."

ವಿದ್ಯಾಗೆ ಏನೂ ಗೊತ್ತಿರಲಿಲ್ಲ. "ನಮಗಿಂತ ಮೊದಲ ನೀವ ಸುರು ಮಾಡೀರಿ ಬಿಡ್ರಿ, ಆಯಿ," ಎಂದು ರಾಮವ್ವನನ್ನು ನೋಡಿ ನಕ್ಕು, ಟವೆಲು ತರಲು ಒಳಗೆ ಹೋದಳು.

ರಾಮವ್ವ ಮಗಳ ರಟ್ಟೆ ಹಿಡಿದು ಎಬ್ಬಿಸಿ ಗುಡಿಸಲಿನ ಹಿಂದೆ ಕರೆದುಕೊಂಡು ಹೋದಳು. ನಾಗರತ್ನಾ ಹಂಡೆಯನ್ನೂ ಸೊಪ್ಪನ್ನೂ ನೋಡಿದಳು. ಯಾರಿಗೆ ಕಾದ ನೀರು ಎಂದು ಕೇಳುವ ಅಗತ್ಯ ಬೀಳಲಿಲ್ಲ.

"ಯವ್ವಾ, ನಾಲ್ಕ ತಂಬಗಿ ಹಾಕ್ತೀನಿ, ಕುಂದರ," ಎಂದಳು ರಾಮವ್ವ. ಆಮೇಲೆ, ಬೆಳಗಿನಿಂದ ಹೇಳಿಕೊಂಡ ಮಾತು ಅರ್ಧಕ್ಕರ್ಧ ಮರೆತು, ಉಳಿದದ್ದನ್ನು ಹೇಳಿದಳು. "ಬಿಸಿನೀರ ಬಿದ್ರ ಹಾಲು ಮತ್ತ ಇಳೀತಾವಂತ ಹಂಗ ಮಾಡಿದ್ನಿ. ಬತ್ತಿದ್ರ ಲಗೂನ ಮರೀತಿ ಅಂದ್ಕೊಂಡ್ನಿ. ಹೇಳಾಕ ಬಾಯಿ ಬರಲಿಲ್ಲ."

ನಾಗರತ್ನಾಳ ಜಡೆಯ ತುದಿಯಿಂದ ತಣ್ಣೀರು ತೊಟ್ಟಿಕ್ಕುತ್ತಿತ್ತು.

"ಅದು ನನಗ ಅವತ್ತ ಗೊತ್ತಿತ್ತು ಬೇ. ಬಾಣಂತಿ ಎರಿಯಾಕಿ ಮಗಳಲ್ಲೇನು ನಾ? ನೀ ಮಲ್ಲಿಗಿ ಅರದಾಗನ ತಿಳೀತು."

"ಮತ್ಯಾಕ ಬರಲಿಲ್ಲ?"

"ನೀ ಮುದಕವ್ವನ ಮನಿಯಿಂದ ಹಂಗ ಬರ್ತಿದ್ದಿ. ಸೀರ್ಯಾಗ ಲೋಬಾನದ ವಾಸನಿ, ಕೂಸಿನ ಎಣ್ಣಿ ವಾಸನಿ. ನೀ ಬಗ್ಗಿದಾಗೊಮ್ಮೆ ನನ್ನ ಮುಖಕ್ಕ ಬಡೀತಿತ್ತು, ಹಾಲು ಸುರೀತಿದ್ವು. ಒಂದಿನರ ಸೀರಿ ಬದಲ ಮಾಡಿ ಬರಬೇಕಿತ್ತು ಯವ್ವಾ."

ರಾಮವ್ವ ತನ್ನನ್ನು ತಾನು ನೋಡಿಕೊಂಡಳು. ಇಂದೂ ಅದೇ ಹಸಿರು ಸೀರೆ ಉಟ್ಟಿದ್ದಳು. ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕಿಟ್ಟಳು.

ನಾಗರತ್ನಾ ನೀರಿಗೆ ಕೂರಲಿಲ್ಲ. ಸೀರೆ ಬದಲಿಸಿ, ವಿದ್ಯಾಗೆ ನಮಸ್ಕಾರ ಹೇಳಿ, ಸದಾಶಿವನ ಬಾಜೂ ಟಂಟಂ ಹತ್ತಿದಳು. ಹೊರಡುವ ಮುಂದೆ ತಾಯಿಗೆ, "ಬಿಸಿಲಾಗ ಬಾಳ ಹೊತ್ತ ಕುಂದರಬ್ಯಾಡ," ಎಂದಳು. ಮತ್ತೆ ಯಾವಾಗ ಬರುತ್ತಿ ಎಂದು ರಾಮವ್ವ ಕೇಳಲಿಲ್ಲ. ಹಿಂದೆ ಖಾಲಿ ಗೋಣಿಚೀಲಗಳು ಹಾರಾಡುತ್ತ ಗಾಡಿ ಇಳಿಜಾರಿನಲ್ಲಿ ಮರೆಯಾಯಿತು.

ಬಾಣಂತಿಗೆಂದು ಕಾಯಿಸಿದ ನೀರನ್ನು ಬೇರೆಯವರು ಹಾಕಿಕೊಳ್ಳುವುದಿಲ್ಲ. ಕುದಿಯುವ ನೀರನ್ನು ನೆಲಕ್ಕೆ ಚೆಲ್ಲುವುದೂ ಇಲ್ಲ. ಭೂಮಿತಾಯಿಯ ಮೈ ಸುಡುತ್ತದೆ, ಹುಳುಹುಪ್ಪಡಿ ಸಾಯುತ್ತವೆ. ಆರುವ ತನಕ ಕಾಯಬೇಕು. ರಾಮವ್ವ ಕಟ್ಟಿಗೆಯನ್ನು ಹೊರಗೆಳೆದು, ಹಂಡೆಯ ಪಕ್ಕ ಕಾಲು ನೀಡಿ ಕುಳಿತಳು. ಮಗಳು ಬರುವುದು ತಡವಾದೀತು ಎಂದು ಬೆಳಿಗ್ಗೆ ಆಕೆಯೇ ದಪ್ಪ ಕೊರಡುಗಳನ್ನು ಹೂಡಿದ್ದಳು. ಕಲ್ಲುಗಳ ನಡುವೆ ಕೆಂಡ ಗಟ್ಟಿಯಾಗಿ ಕೂತಿತ್ತು. ವಿದ್ಯಾ ಎರಡು ಸಲ ಬಂದು ಊಟಕ್ಕೆ ಕರೆದಳು. ರಾಮವ್ವ ಆಗಾಗ ನೀರಿನಲ್ಲಿ ಬೆರಳು ಅದ್ದಿ ನೋಡುತ್ತಿದ್ದಳು. ಹೊತ್ತು ಇಳಿಯುವ ತನಕ ಅದು ಬಿಸಿಯಾಗಿಯೇ ಇತ್ತು.