ತೇರದಾಳದಾಕಿಯ ಹೆಸರು

ನನ್ನ ಮಗಳು ಹುಟ್ಟಿದ್ದು ಆಷಾಢದಲ್ಲಿ. ಅವಳಿಗೆ ಹೆಸರಿಟ್ಟದ್ದು ದೀಪಾವಳಿ ಕಳೆದ ಮೇಲೆ. ನಡುವಿನ ಅಷ್ಟೂ ದಿನ ಅವಳು ಬರೀ ಕೂಸಾಗಿ ಇದ್ದಳು. ಕಂಡವರೆಲ್ಲ "ಹೆಸರ ಏನ್ ಇಟ್ರಿ?" ಎಂದು ಕೇಳುತ್ತಿದ್ದರು. ಇನ್ನೂ ಇಟ್ಟಿಲ್ಲ ಎಂದರೆ ನನ್ನ ಮುಖ ನೋಡುತ್ತಿದ್ದರು. ತಡ ಮಾಡುತ್ತಿರುವವಳು ನಾನೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾನು ಜಮಖಂಡಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸೀಸೆಗಳಿಗೆ ಹೆಸರು ಬರೆದು ಅಂಟಿಸುವುದು ನನ್ನ ದಿನದ ಕೆಲಸ. ನಡುವೆ ಕೆಲವು ವರ್ಷ ಅಲ್ಲಿಗೆ ಬಂದ ಕೂಸುಗಳ ಹೆಸರೆಲ್ಲ ಮೊಬೈಲಿನಲ್ಲಿ ಹುಡುಕಿ ಇಟ್ಟವು. ಒಂದಕ್ಕಿಂತ ಒಂದು ನುಣುಪು, ಒಂದರ ಹಾಗೇ ಇನ್ನೊಂದು. ನನ್ನ ಮಗನ ಹೆಸರೂ ಅಂಥದ್ದೇ. ಅವನ ತರಗತಿಯಲ್ಲಿ ಟೀಚರು ಆ ಹೆಸರು ಕೂಗಿದರೆ ಬೆಂಚಿಗೊಬ್ಬ ಎದ್ದು ನಿಲ್ಲುತ್ತಾನೆ. ಈಚೆಗೆ ಗಾಳಿ ಬೇರೆ ಕಡೆ ತಿರುಗಿದೆ. ಡಾಕ್ಟರ ಮನೆಯ ಕೂಸಿಗೆ ರುಕ್ಮಿಣಿ, ಸೀರೆ ಅಂಗಡಿಯವರ ಮೊಮ್ಮಗಳಿಗೆ ಭಾಗೀರಥಿ. ಅಜ್ಜಿಯರ ಕಾಲದ ಹೆಸರುಗಳಲ್ಲಿ ಚೆಂದ ಕಂಡವನ್ನು ಆರಿಸಿ ಇಡುತ್ತಿದ್ದಾರೆ. ಈ ಸಲ ನಾನೂ ಒಂದು ಹಳೇ ಹೆಸರು ಇಡಬೇಕು ಎಂದುಕೊಂಡೆ. ಅಷ್ಟೇ ನನ್ನ ಆಸೆ ಇದ್ದದ್ದು, ಮೊದಲಿಗೆ.

ಬಾಣಂತನ ನನ್ನ ತವರಿನಲ್ಲಿ, ಬೀಳಗಿ ತಾಲೂಕಿನ ಹಳ್ಳಿಯಲ್ಲಿ. ನಮ್ಮದು ಕುರಿ, ಹೊಲ ಎರಡೂ ಇರುವ ಮನೆ. ಮನೆಯಲ್ಲಿ ಅಪ್ಪ, ಅವ್ವ, ಮತ್ತು ಆಯಿ, ಅಂದರೆ ಅಪ್ಪನ ತಾಯಿ. ಕೂಸಿಗೆ ಎರೆಯುವ ಕೆಲಸವನ್ನು ಆಯಿ ಯಾರಿಗೂ ಬಿಟ್ಟುಕೊಡಲಿಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಿದ್ದಳು. ಒಂದು ದಿನ ನಾನು ತಂಬಿಗೆ ಕೊಡುತ್ತ ಹೇಳಿದೆ, "ಆಯಿ, ಇಕಿಗೆ ನಿನ್ನ ಹೆಸರ ಇಡತೇನಿ."

"ನಂದ್ ಯಾಕ? ನಾ ಇನ್ನೂ ಗಟ್ಟಿಮುಟ್ಟ ಅದೇನಿ. ಇಡೂದಾದ್ರ ನಮ್ಮವ್ವನ ಹೆಸರ ಇಡು."

"ಛಲೋ ಆತು. ಏನ್ ಹೆಸರ ನಿಮ್ಮವ್ವಂದು?"

ಆಯಿ ಕೂಸಿನ ಬೆನ್ನು ತೊಳೆದಳು. ಕಿವಿ ಒರೆಸಿದಳು. ಆಮೇಲೆ, "ನನಗ ಗೊತ್ತಿಲ್ಲವ್ವ" ಎಂದಳು.

ಮೊದಲು ನನಗೆ ಇದು ತಮಾಷೆ ಅನ್ನಿಸಿತು. ಅವಳ ಮುಖ ನೋಡಿದ ಮೇಲೆ ಅನ್ನಿಸಲಿಲ್ಲ. ಆಯಿ ಇನ್ನೂ ತೆವಳುವ ಕೂಸಿದ್ದಾಗ ಅವಳ ತಾಯಿ ಸತ್ತಳಂತೆ. ಅವಳ ಅಪ್ಪ ಮತ್ತೊಂದು ಮದುವೆಯಾದ. ತಾಯಿಯ ತವರಿನವರಿಗೂ ಇವರಿಗೂ ಜಗಳವಾಗಿ ಹೋಗುಬರುವುದು ನಿಂತಿತು. ಹೊಸ ಹೆಂಡತಿ ಬಂದ ಮನೆಯಲ್ಲಿ ಸತ್ತವಳ ಮಾತು ಎತ್ತುವವರು ಯಾರು? ಎತ್ತಿದರೂ ಹೆಸರು ಹಿಡಿದಲ್ಲ. ಸೊಸೆಯರನ್ನು ಊರಿನ ಮೇಲೆ ಕರೆಯುವ ರೂಢಿ. "ತೇರದಾಳದಾಕಿ ಇದ್ದಾಗ ಹಾಂಗಿತ್ತು, ತೇರದಾಳದಾಕಿ ಸತ್ತಮ್ಯಾಲ ಹಿಂಗಾತು." ಆಯಿ ಕೇಳಿಸಿಕೊಂಡದ್ದು ಅಷ್ಟೇ.

"ಸಣ್ಣಾಕಿದ್ದಾಗ ಅದ ಹೆಸರ ಅಂತ ತಿಳದಿದ್ದೆ" ಎಂದಳು. "ತೇರದಾಳ ಅಂಬೂದು ಊರ ಅಂತ ಗೊತ್ತಾದಾಗ ನನಗ ಮದುವಿ ಆಗಿತ್ತು."

ಆ ಮಾತು ನನ್ನನ್ನು ಬಿಡಲಿಲ್ಲ. ತಾನು ಯಾರ ಮಗಳು ಎಂದು ಹೇಳಲಿಕ್ಕೆ ಒಂದು ಹೆಸರಿಲ್ಲದೆ ಈಕೆ ಇಷ್ಟು ವರ್ಷ ಬದುಕಿದ್ದಾಳೆ, ನಾವ್ಯಾರೂ ಒಮ್ಮೆಯೂ ಕೇಳಿಲ್ಲ. ಅವತ್ತೇ ಗಂಡನಿಗೆ ಫೋನು ಮಾಡಿ ಹೇಳಿದೆ. ಹೆಸರು ಸಿಗುವ ತನಕ ತೊಟ್ಟಿಲ ಕಾರ್ಯ ಇಲ್ಲ.

ಅವನು ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಗದ್ದಲದ ನಡುವೆ ಕೂಗಿ ಕೇಳಿದ, "ಸಿಗದಿದ್ರ?"

"ಸಿಗತೈತಿ."

ಆಯಿ ಹುಟ್ಟಿದ ಮನೆ ಮುಧೋಳ ತಾಲೂಕಿನಲ್ಲಿದೆ. ಅಲ್ಲಿ ಅವಳ ಮಲತಮ್ಮನ ಮಕ್ಕಳಿದ್ದಾರೆ. ಅಪ್ಪ ಅವರನ್ನು ಕೇಳಿದ. ಅವರು ತಮ್ಮ ವಂಶದ ಗಂಡಸರ ಹೆಸರನ್ನು ಮೇಲಿನ ತಲೆಮಾರುಗಳವರೆಗೆ ಗಡಗಡ ಹೇಳಿದರು. ಸುಗ್ಗಿಗೆ ಬರುವ ಹೆಳವ ಮನೆತನದ ಕತೆ ಹಾಡಿ ಅವರಿಗೆ ಬಾಯಿಪಾಠ ಮಾಡಿಸಿದ್ದ. ಹೆಂಗಸರ ಹೆಸರು ಅವನ ಹಾಡಿನಲ್ಲಿ ಇರಲಿಲ್ಲ. "ತೇರದಾಳದಾಕಿ ಅಂತಿದ್ರು ನೋಡ್ರಿ" ಎಂದರು ಅವರೂ.

ಹಾಗಾದರೆ ತೇರದಾಳಕ್ಕೇ ಹೋಗಬೇಕು. ಅವ್ವ ಹೌಹಾರಿದಳು. "ಹಸೀ ಬಾಣಂತಿ ನೀ. ಗಾಳಿ ಹೊಕ್ಕರ ಏನ್ ಮಾಡತಿ? ಸತ್ತಾಕಿ ಹೆಸರ ಎಲ್ಲಿ ಓಡಿ ಹೋಗತೈತಿ, ಮುಂದಿನ ವರ್ಷ ಹೋಗಾಕ ಬರತೈತಿ." ನಾನು ಕಿವಿಗೆ ಅರಳೆ ಇಟ್ಟು, ತಲೆಗೆ ಸ್ಕಾರ್ಫ್ ಸುತ್ತಿ, ಕೂಸಿಗೆ ಕುಲಾವಿ ಕಟ್ಟಿ ಹೊರಟೆ. ಆಯಿ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದಳು. ಜಮಖಂಡಿಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ತೇರದಾಳ ಮುಟ್ಟಿದೆವು.

ತೇರದಾಳ ದೊಡ್ಡ ಊರು. ಹೆಸರು ಗೊತ್ತಿಲ್ಲದ, ಸತ್ತು ಎಷ್ಟೋ ವರ್ಷವಾದ ಹೆಂಗಸಿನ ತವರುಮನೆ ಎಲ್ಲಿ ಎಂದು ಯಾರನ್ನು ಕೇಳುವುದು? ನಮಗೆ ಗೊತ್ತಿದ್ದದ್ದು ಅವರು ಬೀರೇಶ್ವರನ ಒಕ್ಕಲು ಎಂಬುದೊಂದೇ. ಬೀರಪ್ಪನ ಗುಡಿ ಕೇಳಿಕೊಂಡು ಹೋದೆವು. ಕಟ್ಟೆಯ ಮೇಲೆ ಕಂಬಳಿ ಹೊದ್ದ ಒಬ್ಬ ಹಿರಿಯರು ಕೂತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ಅಲ್ಲವ್ವ, ಯಾರ ಪೈಕಿ ಅಂತ ಹೇಳದಿದ್ರ ನಾ ಹೆಂಗ ಹೇಳಲಿ?" ಎಂದರು ಅವರು. "ನಿಮ್ಮ ಸ್ವಾದರಮಾವ ಏನ್ ಮಾಡತಿದ್ದ, ಏನರ ನೆನಪೈತೇನ ನಿನಗ?"

ಕೊನೆಯ ಮಾತು ಆಯಿಗೆ. ಅವಳು ಸೆರಗಿನ ತುದಿ ಹಿಡಿದು ಯೋಚಿಸಿದಳು. "ನಾ ಕಂಡಿಲ್ರಿ. ಒಮ್ಮೆ ನಮ್ಮಪ್ಪ ಸಿಟ್ಟಿಗೆದ್ದಾಗ ಅಂದಿದ್ದ, ಆ ಡೊಳ್ಳಿನಾವನ ಹಾಂಗ ಬಾಯಿ ಮಾಡಬ್ಯಾಡ ಅಂತ. ಅಂವನ ನಮ್ಮ ಮಾವ ಇರಬೇಕು."

ಹಿರಿಯರು ಕಂಬಳಿ ಸರಿಸಿ ನೆಟ್ಟಗೆ ಕೂತರು. "ಡೊಳ್ಳಿನವ್ರ ಮನಿತನ! ಅವ್ರು ಇಲ್ಲಿಂದ ಹೋಗಿ ಬಾಳ ವರ್ಷ ಆತು. ಚಿಕ್ಕಪಡಸಲಗಿ ಕಡೆ ಹೊಳಿದಂಡಿಗೆ ಹೊಲ ಹಿಡದ್ರು. ಅಲ್ಲೇ ಅದಾರ."

ಅದೇ ಸಂಜೆ ಹೋಗೋಣ ಎಂದಳು ಆಯಿ. ಆದರೆ ಕೃಷ್ಣೆಗೆ ಮಹಾಪೂರ ಬಂದಿತ್ತು. ದಂಡೆಯ ಹೊಲಗಳೆಲ್ಲ ನೀರಲ್ಲಿದ್ದವು, ಅಲ್ಲಿಯ ಜನ ದನಕರು ಹೊಡೆದುಕೊಂಡು ದಿಬ್ಬ ಏರಿದ್ದರು. ನೀರು ಇಳಿದು ಕೆಸರು ಆರುವ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಜಮಖಂಡಿಯಿಂದ ನನ್ನ ಅತ್ತೆ ಮೂರ್ನಾಲ್ಕು ಸಲ ಫೋನು ಮಾಡಿ, "ಹೆಸರಿಲ್ಲದ ಕೂಸ ಅಂತ ಓಣ್ಯಾಗ ಮಾತಾಡಾಕತ್ತಾರ" ಎಂದು ನೊಂದುಕೊಂಡರು. ಇನ್ನು ಸ್ವಲ್ಪ ದಿನ ಅತ್ತಿ ಎಂದು ನಾನು ಅಷ್ಟೇ ಸಲ ಹೇಳಿದೆ.

ದಸರೆ ಮುಗಿದ ಮೇಲೆ ಗಂಡ ಗೆಳೆಯನ ಕಾರು ತಂದ. ಅವನಿಗೂ ಅಷ್ಟರಲ್ಲಿ ಕುತೂಹಲ ಹತ್ತಿತ್ತು. ಚಿಕ್ಕಪಡಸಲಗಿಯಲ್ಲಿ ಡೊಳ್ಳಿನವರ ಮನೆ ಎಂದರೆ ಹೊಲದ ದಾರಿ ತೋರಿಸಿದರು. ಕಬ್ಬಿನ ನಡುವೆ ತಗಡು ಹೊದಿಸಿದ ಪತ್ರಾಸಿನ ಮನೆ. ಅಂಗಳದಲ್ಲಿ ಒಬ್ಬ ಮುದುಕಿ ಗೋವಿನಜೋಳದ ತೆನೆ ಸುಲಿಯುತ್ತ ಕೂತಿದ್ದಳು. ಅವಳು ಡೊಳ್ಳಿನವನ ಮಗಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಮ್ಮನ ಮಕ್ಕಳ ಜೊತೆ ಇದ್ದಳು.

ಆಯಿ ಹೋಗಿ ಅವಳ ಪಕ್ಕದಲ್ಲಿ ಕೂತಳು. ಕೂತವಳೇ ಒಂದು ತೆನೆ ಎತ್ತಿಕೊಂಡು ತಾನೂ ಸುಲಿಯತೊಡಗಿದಳು. "ನಿಮ್ಮಪ್ಪಗ ಅಕ್ಕತಂಗ್ಯಾರ ಇದ್ರೇನ?" ಎಂದು ಕೇಳಿದಳು.

"ಒಬ್ಬಾಕಿ ತಂಗಿ ಇದ್ಲಂತ. ಮುಧೋಳ ಕಡೆ ಕೊಟ್ಟಿದ್ರು. ಒಂದ ಕೂಸ ಬಿಟ್ಟು ಸತ್ಲಂತ, ಪಾಪ."

"ಆ ಕೂಸ ನಾನ."

ಮುದುಕಿ ತೆನೆ ಕೆಳಗಿಟ್ಟಳು. ಅವಳು ಆಯಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಇಬ್ಬರೂ ಅಳಲಿಲ್ಲ. ಆಯಿ ಕೇಳಿದಳು, "ನಮ್ಮವ್ವನ ಹೆಸರ ಏನಿತ್ತು?"

"ನನ್ನ ಹೆಸರನ. ತಂಗಿ ಸತ್ತ ಸಂಕಟಕ್ಕ ನಮ್ಮಪ್ಪ ನನಗ ಆಕಿ ಹೆಸರ ಇಟ್ಟ. ಯಮನವ್ವ."

ಆಯಿ ಆ ಹೆಸರನ್ನು ಬಾಯೊಳಗೇ ಒಂದು ಸಲ ಅಂದುಕೊಂಡಳು. ಆಮೇಲೆ ಗಟ್ಟಿಯಾಗಿ ಅಂದಳು. "ಹೆಂಗಿದ್ಲು?" ಎಂದು ಕೇಳಿದಳು.

"ನಾ ಎಲ್ಲಿ ಕಂಡೇನಿ? ಎತ್ತರ ಆಳಂತ. ಬಾಗಲದಾಗ ತೆಲಿ ಬಗ್ಗಿಸಿ ಬರತಿದ್ಲು ಅಂತಿದ್ದ ನಮ್ಮಪ್ಪ."

ಆಯಿ ಕುಳ್ಳಿ. ನನ್ನ ಅಪ್ಪ ಅವ್ವ ಇಬ್ಬರೂ ಕುಳ್ಳ. ನಾನೊಬ್ಬಳೇ ಬಿದಿರುಗಳದ ಹಾಗೆ ಎತ್ತರ ಬೆಳೆದು, ಇದು ಯಾರ ಹಾಗೆ ಹುಟ್ಟಿತು ಎಂದು ಮದುವೆಯ ತನಕ ಅನ್ನಿಸಿಕೊಂಡವಳು. ಆಯಿ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಅವಳ ಕಣ್ಣು ಆಗ ತುಂಬಿತು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಆಯಿಗೆ ನಿದ್ದೆ ಹತ್ತಿತು. ಜಮಖಂಡಿ ಹತ್ತಿರ ಬಂದಾಗ ಗಂಡ, "ಖರೆ ಹೇಳತೇನಿ, ಹೊನ್ನವ್ವ, ಗಂಗವ್ವ ಅಂತ ಏನರ ಇದ್ದಿದ್ರ ಛಲೋ ಇತ್ತು" ಎಂದ.

ನನ್ನ ಮನಸ್ಸಿನಲ್ಲೂ ಅದೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಭಾಗದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಓಣಿಗೊಬ್ಬ ಯಮನಪ್ಪ, ಯಮನವ್ವ ಇದ್ದರು. ಈಗ ಆ ಹೆಸರು ಕೇಳಿದರೆ ಕೋಣದ ಮೇಲೆ ಬರುವವನೇ ನೆನಪಾಗುತ್ತಾನೆ. ಹಳೇ ಹೆಸರು ಬೇಕೆನ್ನುವವರೂ ಇಂಥದ್ದನ್ನು ಆರಿಸುವುದಿಲ್ಲ. ಆದರೆ ನಾನು ಆರಿಸಲು ಹೋಗಿರಲಿಲ್ಲ, ಹುಡುಕಲು ಹೋಗಿದ್ದೆ. ಸಿಕ್ಕಿದ ಮೇಲೆ ಇದು ಚೆಂದವಿಲ್ಲ ಎಂದು ಅಲ್ಲೇ ಬಿಟ್ಟು ಬರುವುದು ನನ್ನಿಂದ ಆಗುವ ಮಾತಲ್ಲ.

ಬಾಣಂತನ ಮುಗಿಸಿ ನಾನು ಜಮಖಂಡಿಗೆ ಮರಳಿದೆ. ಹೆಸರು ಕೇಳಿದ ಕೂಡಲೇ ಅತ್ತೆ ಕಿವಿ ಮುಚ್ಚಿಕೊಂಡರು. "ಯಮನ ಹೆಸರ ತೊಟ್ಟಲದಾಗಿನ ಕೂಸಿಗೆ ಇಡತಾರೇನ? ನಿನಗ ಬುದ್ಧಿ ಐತೇನವ್ವಾ?" ನಾದಿನಿ ನನ್ನ ಗಂಡನ ತಂಗಿ, ಬನಹಟ್ಟಿಗೆ ಕೊಟ್ಟಿದ್ದಾರೆ. ಹೆಸರು ಕರೆಯಬೇಕಾದ ಸೋದರತ್ತೆ ಅವಳೇ. "ವೈನಿ, ಆ ಹೆಸರ ನನ್ನ ಬಾಯಾಗ ಬರೂದಿಲ್ರಿ. ಯಮುನಾ ಅಂತ ಇಡ್ರಿ, ಅದರಾಗ ಇದೂ ಬಂದಾಂಗ ಆಗತೈತಿ" ಎಂದಳು. ಎಲ್ಲರಿಗೂ ಅದು ಒಪ್ಪಿಗೆಯಾಯಿತು. ಅಪ್ಪನಿಗೆ, ಅವ್ವನಿಗೆ, ಗಂಡನಿಗೆ. ಕೊನೆಗೆ ಆಯಿಯೂ ಫೋನಿನಲ್ಲಿ, "ಯಮುನಾನ ಇರಲಿ ಬಿಡವ್ವ. ನನ್ನ ಸಲವಾಗಿ ಕೂಸಿಗೆ ತ್ರಾಸ ಆಗಬಾರದು" ಎಂದಳು.

"ಯಮುನಾ ಛಲೋ ಹೆಸರ, ಆಯಿ. ಆದ್ರ ನಿಮ್ಮವ್ವನ ಹೆಸರ ಅಲ್ಲ" ಎಂದೆ. "ಆಕಿ ಹೆಸರ ಒಮ್ಮೆ ಊರ ಹೆಸರಿನ ಅಡಿ ಹೋತು. ಮತ್ತ ಹೊಳಿ ಹೆಸರಿನ ಅಡಿ ನಾ ಹಾಕೂದಿಲ್ಲ."

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಿದ್ದ. ಮಾರನೇ ವಾರ ಜನನ ಪತ್ರಕ್ಕೆ ಹೆಸರು ಸೇರಿಸಲು ಅವನೇ ಹೋದ. ಬಂದವನು ಚಹಾ ಕುಡಿಯುತ್ತ ಹೇಳಿದ, "ಅಲ್ಲಿ ಕುಂತಾಂವಾ, ಯಮುನಾ ಅಂತ ಬರೀಲೇನ್ರಿ ಅಂದ. ನಾ ಅಂದೆ, ಇಲ್ರಿ, ನಾ ಹೇಳಿದಾಂಗ ಬರೀರಿ." ಅಂದು ಮುಗಿಸಿ ಲೋಟ ತೊಳೆದಿಟ್ಟ. ಅವನು ನನ್ನ ಕಡೆ ಬಂದಿದ್ದಾನೆಂದು ನನಗೆ ತಿಳಿದದ್ದು ಹಾಗೆ.

ತೊಟ್ಟಿಲ ಕಾರ್ಯಕ್ಕೆ ಚಿಕ್ಕಪಡಸಲಗಿಯ ಮುದುಕಿಯನ್ನೂ ಕರೆಸಿದೆ. ಅವಳು ಹಸಿರು ಇಳಕಲ್ ಸೀರೆ ಉಟ್ಟು ಬಂದು ತೊಟ್ಟಿಲ ಮುಂದೆಯೇ ಕೂತಳು, ಪಕ್ಕದಲ್ಲಿ ಆಯಿ. ಹೆಂಗಸರು ಕೂಸನ್ನು ತೊಟ್ಟಿಲ ಮೇಲೆ ಕೆಳಗೆ ದಾಟಿಸಿ ಮಲಗಿಸಿದರು. ನಾದಿನಿ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದಳು. ಅವಳು ಯಾವ ಹೆಸರು ಹೇಳುತ್ತಾಳೋ ನನಗೆ ಖಾತ್ರಿ ಇರಲಿಲ್ಲ. ಬಗ್ಗಿದವಳು ಎದ್ದು, ಎದುರಿಗೆ ಕೂತ ಮುದುಕಿಯನ್ನು ನೋಡಿದಳು, ಮತ್ತೆ ಬಗ್ಗಿದಳು. "ಯಮನವ್ವ" ಎಂದು ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು. ರೂಢಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಗುಗ್ಗರಿ ಹಂಚುವಾಗ ನನ್ನ ಬಳಿ ಬಂದು ಗೊಣಗಿದಳು, "ಆ ಮುದಕಿ ಅಷ್ಟ ಖುಷಿಲೆ ಕುಂತಾಳ. ಆಕಿ ಮುಂದ ಆಕಿ ಹೆಸರ ಕೆಟ್ಟದ್ದಂತ ಹೆಂಗ ಮಾಡಲಿರಿ, ವೈನಿ?"

ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ. ಅತ್ತೆ ಅವಳನ್ನು ಯಮ್ಮಿ ಎನ್ನುತ್ತಾರೆ, ಆಯಿ ಮಾತ್ರ ಪೂರ್ತಿ ಹೆಸರು ಹಿಡಿದು ಕರೆಯುತ್ತಾಳೆ. ಒಂದಿಬ್ಬರು ಹುಡುಗರು ಕೋಣದ ಹಾಗೆ ಕೂಗಿ ಚೇಷ್ಟೆ ಮಾಡಿದರೆಂದು ಒಂದು ದಿನ ಅತ್ತುಕೊಂಡು ಬಂದಳು. ಆ ಹೆಸರು ಯಾರದೆಂದು ಅವಳಿಗೆ ತಿಳಿಯುವಷ್ಟು ಹೇಳಿದೆ. ಮುಂದೆಯೂ ಹೇಳುತ್ತೇನೆ. ದೊಡ್ಡವಳಾಗಿ ಬದಲಿಸಿಕೊಳ್ಳುತ್ತೇನೆ ಎಂದರೆ ಬದಲಿಸಿಕೊಳ್ಳಲಿ. ಏನನ್ನು ಬಿಡುತ್ತಿದ್ದೇನೆ ಎಂದು ತಿಳಿದು ಬಿಟ್ಟರೆ ನನ್ನ ತಕರಾರಿಲ್ಲ.

ಹೋದ ಪಂಚಮಿಗೆ ಚಿಕ್ಕಪಡಸಲಗಿಯಿಂದ ಹುಡುಗರು ಗಾಡಿ ತಂದು ಆಯಿಯನ್ನು ಕರೆಯಲು ಬಂದರು. ಹೆಣ್ಣುಮಕ್ಕಳೆಲ್ಲ ಪಂಚಮಿಗೆ ತವರಿಗೆ ಹೋಗುವಾಗ ಮಲತಾಯಿಯ ಮನೆಯಿಂದ ಆಯಿಯನ್ನು ಕರೆಯಲು ಯಾರೂ ಬಂದವರಲ್ಲ. ಅವಳು ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕೂತು, "ನಾಕ ದಿನ ಇದ್ದ ಬರತೇನಿ" ಎಂದಳು. ಶ್ರಾವಣ ಮುಗಿಯಲು ಬಂದರೂ ಬರಲಿಲ್ಲ. ಅಪ್ಪ ಫೋನು ಮಾಡಿ ಯಾವಾಗ ಬರುತ್ತೀ ಎಂದು ಕೇಳಿದರೆ, "ತವರಮನ್ಯಾಗ ಇದ್ದಾಕಿಗೆ ಹಿಂಗ ಅವಸರ ಮಾಡತಾರೇನೋ?" ಎಂದು ಬೈದು ಇಟ್ಟಳು.