ಗೇಟಿನ ತಾತ ಕೇಳಿದ ನಾಲ್ಕನೆಯ ಪ್ರಶ್ನೆ

ಗೇಟಿನ ತಾತನ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಹುಣಸೆ ಬೀಜದಷ್ಟು ದಪ್ಪಕ್ಕೆ ಜಡ್ಡುಗಟ್ಟಿದ ಒಂದು ಗಂಟಿತ್ತು. ಮೂವತ್ತು ವರ್ಷ ರೈಲ್ವೆ ಗೇಟಿನ ಹಿಡಿ ತಿರುಗಿಸಿ ಬೆಳೆದದ್ದು. ನಿವೃತ್ತಿಯಾದ ಮೇಲೂ ಅದು ಕರಗಲಿಲ್ಲ. ನಮ್ಮ ನಾಯಿ ಅವರ ಕೈ ಸಿಕ್ಕಿದರೆ ಹುಡುಕಿಕೊಂಡು ಹೋಗಿ ಅದನ್ನೇ ನೆಕ್ಕುತ್ತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ಸಹಕಾರನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಕಳ್ಳರ ಭಯಕ್ಕೆ ನಾವೊಂದು ಕಂದು ಬಣ್ಣದ ಬೀದಿನಾಯಿಯನ್ನು ಸಾಕಿದ್ದೆವು, ಹೆಸರು ರಾಜ. ತಾತ ಕೊಡಿಗೇಹಳ್ಳಿಯ ಹಳೆಯ ಊರಿನವರು. ದಿನಾ ಬೆಳಿಗ್ಗೆ ನಮ್ಮ ಬೀದಿ ಹಾದು ಹಳಿಯ ಗುಂಟ ಎರಡು ಮೈಲಿ ನಡೆದು ಬರುತ್ತಿದ್ದರು. ಯಾರೋ ಅದನ್ನು ವಾಕಿಂಗ್ ಎಂದಾಗ, "ನಡ್ಯೋದಕ್ಕೂ ಒಂದ್ ಇಂಗ್ಲಿಸ್ ಎಸ್ರಾ?" ಎಂದು ನಕ್ಕಿದ್ದರು. ದಾರಿಯಲ್ಲಿ ಯಾರ ಕಾಂಪೌಂಡಿನ ಗೇಟು ತೆರೆದಿದ್ದರೂ ಮುಚ್ಚುವರು, ಚಿಲಕ ಹಾಕಿ ಒಮ್ಮೆ ಎಳೆದು ನೋಡುವರು. "ಕಣ್ಣು ಮೋಸ ಮಾಡ್ತದೆ ಟೀಚರಮ್ಮ. ಕೈ ಆಕಿ ನೋಡ್ಬೇಕು" ಎಂದು ಶಾಲೆಯ ಟೀಚರಾಗಿದ್ದ ನನಗೆ ಹೇಳುತ್ತಿದ್ದರು.

ಅವರು ಕಾಯುತ್ತಿದ್ದ ಗೇಟು ತಿರುವಿನಲ್ಲಿತ್ತಂತೆ, ಬರುವ ರೈಲು ಕಾಣುತ್ತಿರಲಿಲ್ಲ. ಸ್ಟೇಷನ್ನಿನಿಂದ ಫೋನಿನಲ್ಲಿ ಬಂದ ಮಾತೇ ಆಧಾರ. ಆ ಮಾತನ್ನು ಇವರು ಅಕ್ಷರಶಃ ತಿರುಗಿ ಹೇಳಬೇಕು, ಆಮೇಲೆ ಗೇಟು ತೆಗೆಯಬೇಕು. ಫೋನು ಕೆಟ್ಟರೆ ಗೇಟು ಮುಚ್ಚಿಯೇ ಇರುತ್ತಿತ್ತು. ಲಾರಿಯವರು ಇವರ ವಂಶವನ್ನೆಲ್ಲ ಜಾಲಾಡುತ್ತಿದ್ದರು. "ಬೈಸ್ಕೊಂಡ್ರೆ ಯಾರೂ ಸಾಯಲ್ಲ" ಎಂಬುದು ತಾತನ ಲೆಕ್ಕ. ತಿರುಗಿ ಹೇಳುವ ಆ ಅಭ್ಯಾಸ ಮನೆ ಮಾತಿಗೂ ಅಂಟಿಕೊಂಡಿತ್ತು. ನಾವು ಏನು ಹೇಳಿದರೂ ಅದನ್ನೇ ನಮಗೆ ವಾಪಸು ಹೇಳುವರು. ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು.

ಒಂದು ಬೆಳಿಗ್ಗೆ, ಮಾವನವರು ತೀರಿಕೊಂಡರೆಂದು ಹಾಸನದಿಂದ ಟೆಲಿಗ್ರಾಂ ಬಂತು. ಹದಿಮೂರನೆಯ ದಿನದ ಕಾರ್ಯ ಮುಗಿಸಿಯೇ ಬರಬೇಕು. ನಾಯಿಯನ್ನು ಯಾರ ಹತ್ತಿರ ಬಿಡುವುದು? ನನ್ನ ಗಂಡನ ಸ್ನೇಹಿತರೊಬ್ಬರು "ನಾಯಿ ಅಂದ್ರೆ ನಂಗೆ ಪ್ರಾಣ ಕಣ್ರೀ" ಎನ್ನುತ್ತಿದ್ದರು. ಅವರ ಪ್ರಾಣ ಹಿಂದಿನ ವರ್ಷವಷ್ಟೇ ತೆರೆದ ಗೇಟಿನಿಂದ ಓಡಿ ಲಾರಿಯ ಕೆಳಗೆ ಹೋಗಿತ್ತು. ನಮ್ಮ ಶಾಲೆಯ ಇನ್ನೊಬ್ಬ ಟೀಚರು ಟೆರೇಸಿನ ಮೇಲೆ ಕಟ್ಟಿಹಾಕುತ್ತೇನೆ ಎಂದರು, ಅದೂ ಮಾರ್ಚ್ ತಿಂಗಳಲ್ಲಿ. ಕೊನೆಗೆ ತಾತನ ಮನೆಗೆ ಹೋದೆವು. ಪರೀಕ್ಷೆ ಮಾಡಲು ಹೋದವರು ನಾವು, ಆದರೆ ಪ್ರಶ್ನೆ ಕೇಳಿದ್ದು ಅವರು.

ಏನು ತಿನ್ನುತ್ತದೆ? ಯಾವುದಕ್ಕೆ ಹೆದರುತ್ತದೆ? ಯಾರನ್ನಾದರೂ ಕಚ್ಚಿದೆಯಾ? ಮೂರಕ್ಕೂ ನಿಜವನ್ನೇ ಹೇಳಿದೆ: ರಾಗಿ ಮುದ್ದೆ, ಪಟಾಕಿ, ಇಲ್ಲ.

"ಸೂಜಿ ಆಕ್ಸಿದೀರಾ?"

ಹುಚ್ಚುನಾಯಿ ರೋಗದ ಸೂಜಿ ಹಾಕಿಸಿರಲಿಲ್ಲ. ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲ, ಹೆಬ್ಬಾಳದ ದನದ ಆಸ್ಪತ್ರೆಗೆ ನಡೆಸಿಕೊಂಡೇ ಹೋಗಬೇಕು. ಇವತ್ತು ಪೇಪರ್ ತಿದ್ದಬೇಕು, ನಾಳೆ ನೆಂಟರು ಬರುತ್ತಾರೆ ಎಂದು ವರ್ಷಗಟ್ಟಲೆ ಮುಂದೂಡಿದ್ದೆ. ನಿಜ ಹೇಳಿದರೆ ಅವರು ಒಲ್ಲೆ ಎನ್ನುತ್ತಾರೆ, ಬಸ್ಸು ತಪ್ಪುತ್ತದೆ.

"ಹಾಕ್ಸಿದೀವಿ" ಎಂದೆ. ನನ್ನ ಗಂಡ ಗಡಿಯಾರ ನೋಡಿಕೊಂಡರು.

"ಆಕ್ಸಿದೀವಿ ಅಂದ್ರಿ" ಎಂದು ತಾತ ತಿರುಗಿ ಹೇಳಿದರು, ಸರಪಳಿ ತೆಗೆದುಕೊಂಡರು.

ಹದಿನಾಲ್ಕನೆಯ ದಿನ ವಾಪಸು ಬಂದಾಗ ರಾಜ ಮೈ ತುಂಬಿಕೊಂಡಿದ್ದ. ತಾತನ ಎಡಗೈಗೆ ಅರಿಸಿನ ಮೆತ್ತಿದ ಬಟ್ಟೆ ಸುತ್ತಿತ್ತು. ನಾಲ್ಕು ದಿನದ ಹಿಂದೆ ನಾಯಿಯ ಪಾದದಿಂದ ಜಾಲಿ ಮುಳ್ಳು ಕೀಳುವಾಗ ನೋವಿಗೆ ಕಚ್ಚಿತ್ತು. "ಅದ್ರದೇನೂ ತೆಪ್ಪಿಲ್ಲ. ಸೂಜಿ ಆಕ್ಸಿರೋ ನಾಯಿ, ನಂಗೇನಾಯ್ತದೆ?" ಎಂದರು. ನಾಯಿಯನ್ನು ಕರೆದುಕೊಂಡು ಮನೆಗೆ ಬಂದೆವು.

ಊಟಕ್ಕೆ ಕುಳಿತಾಗ ಸೂಜಿಯ ಮಾತು ತೆಗೆದೆ. "ನಾಯಿ ಚೆನ್ನಾಗಿದೆಯಲ್ಲ, ಇನ್ನೊಂದು ವಾರ ನೋಡೋಣ" ಎಂದರು ಗಂಡ. ಆದರೆ ಹುಚ್ಚುನಾಯಿ ರೋಗ ತಲೆಗೆ ಏರಿದ ಮೇಲೆ ಮದ್ದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬಳೇ ಹೋಗಿ ತಾತನ ಬಾಗಿಲಲ್ಲಿ ನಿಂತೆ. ಅವರು ಉಣ್ಣುತ್ತಿದ್ದರು. ಅಜ್ಜಿ ಸಾರು ಬಡಿಸುತ್ತಿದ್ದರು.

"ತಾತ, ಅವತ್ತು ಸುಳ್ಳು ಹೇಳಿದೆ. ರಾಜನಿಗೆ ಸೂಜಿ ಹಾಕ್ಸಿಲ್ಲ."

ಅವರ ಕೈ ತಟ್ಟೆಯಲ್ಲೇ ನಿಂತಿತು. "ಇನ್ನೊಂದ್ ಸತಿ ಏಳಿ."

"ಹಾಕ್ಸಿಲ್ಲ. ಯಾವತ್ತೂ ಹಾಕ್ಸಿಲ್ಲ."

"ಯಾವತ್ತೂ ಆಕ್ಸಿಲ್ಲ" ಎಂದರು. ಎದ್ದು ಕೈ ತೊಳೆದರು. "ಬೆಳಿಗ್ಗೆ ಮೊದಲ್ನೇ ಬಸ್ಸಲ್ಲೇ ಆಸ್ಪತ್ರೆಗೆ ಓಗ್ತೀನಿ." ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಈಗಿನ ಸೂಜಿಯೇ ಬೇರೆ, ನಾಲ್ಕೈದು ಸಲ ತೋಳಿಗೆ ಹಾಕಿ ಕಳಿಸುತ್ತಾರೆ, ಭಯವಿಲ್ಲ. ಆಗ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು. ತಾತ ಹೊಟ್ಟೆ ಹಿಡಿದುಕೊಂಡು ಬಸ್ಸಿನಿಂದ ಇಳಿಯುವುದನ್ನು ದಿನಾ ಸ್ಟಾಪಿನಲ್ಲಿ ನಿಂತು ನೋಡುತ್ತಿದ್ದೆ. ಆರು ಸೂಜಿ ಆಗುವಷ್ಟರಲ್ಲಿ ಕಚ್ಚಿ ಹತ್ತು ದಿನವಾಯಿತು. ರಾಜ ಗುಂಡುಕಲ್ಲಿನ ಹಾಗಿದ್ದ. ಕಚ್ಚುವಾಗ ರೋಗವಿದ್ದ ನಾಯಿ ಹತ್ತು ದಿನ ಬದುಕುವುದಿಲ್ಲ, ಅವನಿಗೆ ರೋಗವಿರಲಿಲ್ಲ, ಇನ್ನು ಸೂಜಿ ಸಾಕು ಎಂದರು ಡಾಕ್ಟರು. ನಾನು ಗಣೇಶನಿಗೆ ತೆಂಗಿನಕಾಯಿ ಒಡೆದೆ.

ಮುಂದಿನ ವಾರ ತಾತ ಮಂಚದಿಂದ ಇಳಿಯಲು ಹೋಗಿ ಬಿದ್ದರು. ಎರಡೂ ಕಾಲು ಮಾತು ಕೇಳಲಿಲ್ಲ. ಆ ಕಾಲದ ಸೂಜಿಯಿಂದ ಅಪರೂಪಕ್ಕೆ ಯಾರಿಗೋ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರಂತೆ. ನೋಡಲು ಹೋದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ನಾಯಿ ಅಲ್ಲ ಕಣವ್ವ ಕಚ್ಚಿದ್ದು" ಎಂದರು. ಆಮೇಲೆ ಎಂಟು ವರ್ಷ ನನ್ನೊಡನೆ ಮಾತಾಡಲಿಲ್ಲ. ತಾತ ಮಾತ್ರ ಒಳಗಿನಿಂದ "ಬರ್ಲಿ ಬಿಡು" ಎನ್ನುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ.

ತಿಂಗಳುಗಳ ಮೇಲೆ ಒಂದು ಕಾಲಿಗೆ ಅಷ್ಟಿಷ್ಟು ಜೀವ ಬಂತು. ಗೋಡೆ ಹಿಡಿದು ಜಗುಲಿಯ ತನಕ ಬರುತ್ತಿದ್ದರು. ಹಳಿಯ ಕಡೆಗೆ ಮತ್ತೆಂದೂ ಹೋಗಲಿಲ್ಲ. ನಾನು ಮೊದಲೇ ನಿಜ ಹೇಳಿದ್ದರೆ ಅವರು ನಡೆಯುತ್ತಿದ್ದರು. ಸುಳ್ಳನ್ನು ಇನ್ನಾರು ದಿನ ನುಂಗಿಕೊಂಡಿದ್ದರೂ ನಡೆಯುತ್ತಿದ್ದರು. ಈ ಎರಡನೆಯ ಯೋಚನೆ ನನ್ನನ್ನು ಹುಳುವಿನಂತೆ ಕೊರೆಯಿತು. ಒಂದು ದಿನ ಕೇಳಿಯೇ ಬಿಟ್ಟೆ.

"ನಾನು ಬಂದು ಹೇಳದೇ ಇದ್ದಿದ್ರೆ ನೀವು ಇವತ್ತು ನಡೀತಿದ್ರಿ, ಅಲ್ವಾ ತಾತ?"

"ಔದು. ನಡೀತಿದ್ದೆ."

ಸಮಾಧಾನಕ್ಕೂ ಅಲ್ಲವೆನ್ನಲಿಲ್ಲ. ಅಂಗೈಯ ಗಂಟನ್ನು ಉಜ್ಜಿಕೊಂಡರು. "ನಾಯಿಗೆ ರೋಗ ಇದ್ದಿದ್ರೆ ಸಾಯ್ತಿದ್ದೆ. ಇತ್ತೋ ಇಲ್ವೋ ನಿಮ್ಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಗೊತ್ತಿಲ್ದಾಗ ಗೇಟು ಮುಚ್ಚೇ ಇರ್ಬೇಕು ಟೀಚರಮ್ಮ."

ಲೇಔಟಿನಲ್ಲಿ ಮನೆಗಳು ಹೆಚ್ಚಿದವು. ಊರಿಗೆ ಹೋಗುವವರು ನಾಯಿ ಬಿಡಲು ತಾತನನ್ನು ಕೇಳಿಕೊಂಡು ಬಂದರೆ, "ಟೀಚರಮ್ಮನ ತಾವ ಬಿಡಿ. ಅವ್ರ ಮಾತು ನಂಬ್ಬೋದು" ಎಂದು ನಮ್ಮ ಮನೆಗೆ ಕಳಿಸುತ್ತಿದ್ದರು. ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ. ಬಂದ ಒಂದು ನಾಯಿಯನ್ನೂ ಬೇಡವೆನ್ನಲಿಲ್ಲ. ನಾಲ್ಕೂ ಪ್ರಶ್ನೆ ಕೇಳುತ್ತಿದ್ದೆ, ಉತ್ತರವನ್ನು ತಿರುಗಿ ಹೇಳುತ್ತಿದ್ದೆ.

ಎಂಟು ವರ್ಷದ ಮೇಲೆ ತಾತ ಒಂದು ಮಧ್ಯಾಹ್ನ ಜಗುಲಿಯ ಮೇಲೆಯೇ ತೀರಿಕೊಂಡರು. ಜನರ ಹಿಂದೆ ನಿಂತು ನೋಡಿ ಬಂದೆ. ಮೂರನೆಯ ದಿನ ನಮ್ಮ ಗೇಟಿನ ಸದ್ದಾಯಿತು. ಅಜ್ಜಿ ನಿಂತಿದ್ದರು. ಕೈಯಲ್ಲಿ ಸರಪಳಿ, ಸರಪಳಿಯ ತುದಿಗೆ ತಾತ ಕೊನೆಗಾಲದಲ್ಲಿ ಸಾಕಿಕೊಂಡಿದ್ದ ಕಪ್ಪು ನಾಯಿ. ಬೂದಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೊರಟಿದ್ದರು.

"ಮುದ್ದೆ ತಿಂತದೆ. ಗುಡುಗಿಗೆ ಎದರ್ತದೆ. ಯಾರ್ನೂ ಕಚ್ಚಿಲ್ಲ" ಎಂದರು. ಸೆರಗಿನ ಗಂಟು ಬಿಚ್ಚಿ, ಮಡಿಸಿದ ಆಸ್ಪತ್ರೆ ಚೀಟಿಯನ್ನು ನನ್ನ ಕೈಯಲ್ಲಿಟ್ಟರು. "ಸೂಜಿ ಆಕ್ಸೈತೆ. ನೋಡ್ಕಾ."

ಚೀಟಿ ಓದಿದೆ. ಅಕ್ಷರ ಸರಿಯಾಗಿ ಕಾಣಲಿಲ್ಲ, ಮತ್ತೊಮ್ಮೆ ಓದಿದೆ.

"ಹಾಕ್ಸಿದೆ" ಎಂದು ತಿರುಗಿ ಹೇಳಿದೆ.

ಅಜ್ಜಿ ಸರಪಳಿಯನ್ನು ನನಗೆ ಕೊಟ್ಟು ಗೇಟು ಮುಚ್ಚಿಕೊಂಡರು, ಆಚೆಯಿಂದ ಚಿಲಕ ಹಾಕಿ ಒಮ್ಮೆ ಎಳೆದು ನೋಡಿ ಬಸ್ ಸ್ಟಾಪಿನ ಕಡೆಗೆ ನಡೆದರು.